ಚುಕ್ಕಿ ಇಟ್ಟಾಗಲೇ ತೋರಿಸಿ

(ಹಾಸನದಲ್ಲಿ ಇಂಜಿನಿಯರಿಂಗ್ ಮತ್ತು ಚಿತ್ರಕಲೆಯ ವಿದ್ಯಾರ್ಥಿಗಳ ಎದುರು ಆಡಿದ ಮಾತು. ಧ್ವನಿಮುದ್ರಣದಿಂದ ಇಳಿಸಿ, ಅಲ್ಲಲ್ಲಿ ತಿದ್ದಲಾಗಿದೆ.)

ಪರದೆ ಮೇಲೆ ಕಾಣ್ತಿರುವ ಈ ಸಂದೇಶವನ್ನು ಒಮ್ಮೆ ಓದಿ. "ಗೌರವಾನ್ವಿತ ಸರ್, ನನ್ನ ಪ್ರಪೋಸಲ್ ಲಗತ್ತಿಸಿದ್ದೇನೆ. ದಯವಿಟ್ಟು ಪರಿಶೀಲಿಸಿ ತಮ್ಮ ಅಮೂಲ್ಯ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ." ಕೆಳಗೆ 14 ಪುಟದ ಪಿಡಿಎಫ್. ಮೂಲ ಇಂಗ್ಲಿಷಿನಲ್ಲಿತ್ತು, ಇವತ್ತಿಗಾಗಿ ಕನ್ನಡ ಮಾಡಿದ್ದೇನೆ. ಹಿಂದಿನ ಸಾಲಿನವರು ನಗುತ್ತಾ ಪಕ್ಕದವರ ಮುಖ ನೋಡಬೇಡಿ. ಬರೆದವಳು ನಾನೇ, ಎಂಟು ವರ್ಷದ ಹಿಂದೆ. ಬೇಸಿಗೆಯ ಒಂದು ಕೋಡಿಂಗ್ ಕಾರ್ಯಕ್ರಮಕ್ಕೆ ಅರ್ಜಿ ಹಾಕುವಾಗ, ಅಲ್ಲಿನ ಮೆಂಟರಿಗೆ, ಅಂದರೆ ಹೊಸಬರಿಗೆ ದಾರಿ ತೋರಿಸುವವರಿಗೆ ಕಳಿಸಿದ್ದು.

ಉತ್ತರ 19 ದಿನ ಬರಲಿಲ್ಲ. ಬಂದಾಗ ಒಂದೇ ಸಾಲು: "ಜೂನ್ ಎರಡನೇ ವಾರದ ಶುಕ್ರವಾರ ನೀವು ನಮಗೆ ಏನು ತೋರಿಸುತ್ತೀರಿ?"

ನನಗೆ ಸಿಟ್ಟು ಬಂತು. ಎರಡು ವಾರ ನಿದ್ದೆಗೆಟ್ಟು ಬರೆದಿದ್ದೆ. ಹಳೇಬೀಡಿನ ಗೋಡೆಗಳನ್ನೆಲ್ಲ ಮೂರು ಆಯಾಮದಲ್ಲಿ ತರುವುದು, ಫೋನು ಹಿಡಿದರೆ ಶಿಲ್ಪ ಎದ್ದು ನಿಲ್ಲುವುದು, ಮುಟ್ಟಿದರೆ ಕಥೆ ಹೇಳುವುದು, ಇಷ್ಟೂ ಒಂದು ಬೇಸಿಗೆಯಲ್ಲಿ! ಮೊದಲ ಎರಡು ಪುಟ ಪೂರ್ತಿ ಹೊಯ್ಸಳರ ವೈಭವ. ಅಮೃತಪುರದಿಂದ ಸೋಮನಾಥಪುರದವರೆಗೆ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮ ಶಿಲ್ಪದ ಕೆಳಗೆ ತನ್ನ ಹೆಸರು ಕೆತ್ತಿದ್ದಾನಲ್ಲ, ಅದೇ ಜಗತ್ತಿನ ಮೊದಲ 'ಕಮಿಟ್' ಅಂತ ಬರೆದಿದ್ದೆ. ಕಮಿಟ್ ಅಂದರೆ ಕೋಡ್ ಬದಲಿಸಿದವರ ಹೆಸರಿನ ಸಮೇತ ಉಳಿಯುವ ದಾಖಲೆ. ಆ ಸಾಲಿನ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು. ಈಗಲೂ ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಕೇಳಿದ ಶುಕ್ರವಾರದ ಬಗ್ಗೆ ಆ 14 ಪುಟದಲ್ಲಿ ಒಂದಕ್ಷರ ಇರಲಿಲ್ಲ. ನಾಲ್ಕು ದಿನ ಮುನಿಸಿಕೊಂಡು ಕೂತೆ. ಐದನೇ ದಿನ ಉತ್ತರ ಬರೆಯೋಣ ಅಂದರೆ ನನ್ನ ಹತ್ತಿರ ಉತ್ತರವೇ ಇಲ್ಲ. ಅಷ್ಟರಲ್ಲಿ ಕೊನೆಯ ದಿನಾಂಕ ಬಂತು. ಆಯ್ಕೆ ಆಗಲಿಲ್ಲ, ಆಗಬಾರದಾಗಿತ್ತು ಕೂಡ.

ಇಲ್ಲಿ ಅರ್ಧ ಜನ ಇಂಜಿನಿಯರಿಂಗಿನವರು, ಅರ್ಧ ಚಿತ್ರಕಲೆಯವರು. ಹಾಗಾಗಿ ಯಾವ ಲೋಕದ ಮಾತು ಇದು ಅಂತ ಬೇಗ ಹೇಳಿಬಿಡುತ್ತೇನೆ. ಚಿತ್ರ, ಚಲನೆ, ಸದ್ದು ಇವುಗಳಿಗಾಗಿ ಕೋಡ್ ಬರೆಯುವುದು ಕ್ರಿಯೇಟಿವ್ ಕೋಡಿಂಗ್. 2001ರಲ್ಲಿ ಎಂಐಟಿಯಲ್ಲಿ ಓದುತ್ತಿದ್ದ ಕೇಸಿ ರಿಯಾಸ್ ಮತ್ತು ಬೆನ್ ಫ್ರೈ ಕಲಾವಿದರೂ ಕೋಡ್ ಬರೆಯಲಿ ಅಂತ 'ಪ್ರೊಸೆಸಿಂಗ್' ಶುರು ಮಾಡಿದರು. 2013ರಲ್ಲಿ ಲಾರೆನ್ ಲೀ ಮೆಕಾರ್ಥಿ ಅದೇ ಆಲೋಚನೆಯನ್ನು ಬ್ರೌಸರಿಗೆ ತಂದರು, ಅದು ಪಿ5.ಜೆಎಸ್. ಎರಡೂ ಓಪನ್ ಸೋರ್ಸ್. ಅಂದರೆ ಒಳಗಿನ ಕೋಡನ್ನು ಯಾರಾದರೂ ಓದಬಹುದು, ತಿದ್ದಬಹುದು. ಇಂಥ ಯೋಜನೆಗಳಿಗೆ ಬೇಸಿಗೆಯಲ್ಲಿ ಸಂಬಳದ ಸಹಾಯ ಕೊಟ್ಟು ಹೊಸಬರನ್ನು ಸೇರಿಸುವ ಗೂಗಲ್ ಸಮರ್ ಆಫ್ ಕೋಡ್ 2005ರಿಂದ ಇದೆ, ಪ್ರೊಸೆಸಿಂಗ್ ಬಳಗ 2011ರಿಂದ ಅದರಲ್ಲಿದೆ. 2022ರಿಂದ ವಿದ್ಯಾರ್ಥಿಯೇ ಆಗಿರಬೇಕು ಅಂತಿಲ್ಲ. 18 ತುಂಬಿರಬೇಕು, ವಿದ್ಯಾರ್ಥಿ ಅಲ್ಲದಿದ್ದರೆ ಓಪನ್ ಸೋರ್ಸ್ ಕೆಲಸಕ್ಕೆ ಹೊಸಬರಾಗಿರಬೇಕು. ಇಷ್ಟು ಸಾಕು, ಉಳಿದದ್ದು ನೀವೇ ಓದಿಕೊಳ್ಳುತ್ತೀರಿ.

ನಾನು ಹೇಳಬೇಕೆಂದು ಬಂದದ್ದು ಪ್ರಪೋಸಲ್ ಬರೆಯುವುದು ಹೇಗೆ ಅಂತಲ್ಲ. ಬರೆಯುವ ಮಧ್ಯೆ ಇನ್ನೊಬ್ಬರನ್ನು ಕೇಳುವುದು ಹೇಗೆ ಅಂತ.

ನಮ್ಮಜ್ಜಿ ಚಿಕ್ಕಮಗಳೂರಿನ ಹತ್ತಿರದ ಹಳ್ಳಿಯವರು. ಧನುರ್ಮಾಸದಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಅಂಗಳ ಸಾರಿಸಿ ಚುಕ್ಕಿ ಇಡುತ್ತಿದ್ದರು. 15ರಿಂದ 8, ನಡುಚುಕ್ಕಿ. ಇಲ್ಲಿರುವ ಹೆಣ್ಣುಮಕ್ಕಳಿಗೆ ಗೊತ್ತು: ನಡುವಿನ ಸಾಲಿಗೆ 15, ಮೇಲೂ ಕೆಳಗೂ ಒಂದೊಂದೇ ಕಡಿಮೆ ಮಾಡುತ್ತಾ 8ಕ್ಕೆ ನಿಲ್ಲಿಸುವುದು. ಒಟ್ಟು 169 ಚುಕ್ಕಿ. ಬೇಕಾದರೆ ಮನೆಗೆ ಹೋಗಿ ಕೂಡಿಸಿ ನೋಡಿ. ಅಜ್ಜಿ ಇನ್ನೂ ಎಳೆ ಎಳೆಯುವ ಮೊದಲೇ ಎದುರು ಮನೆಯ ಸಾವಿತ್ರತ್ತೆ ಪೊರಕೆ ಹಿಡಿದುಕೊಂಡೇ ಕೂಗಿ ಹೇಳೋರು, "ಬಲಗಡೆ ಮೂರನೇ ಸಾಲು ಒಂದು ಜಾಸ್ತಿ ಆಯ್ತು ನೋಡಿ." ಅಜ್ಜಿ ಕಾಲ್ಬೆರಳಲ್ಲಿ ಆ ಚುಕ್ಕಿ ಒರೆಸಿ ಮುಂದುವರಿಯೋರು. ಸಿಟ್ಟಿಲ್ಲ, ಥ್ಯಾಂಕ್ಸೂ ಇಲ್ಲ. ಎಳೆ ಎಳೆದು, ಬಣ್ಣ ತುಂಬಿ, ಮೇಲೆ ಹೂವಿಟ್ಟ ಮೇಲೆ ಅದೇ ಸಾವಿತ್ರತ್ತೆ ಏನು ಹೇಳ್ತಾರೆ? "ಬಹಳ ಚೆನ್ನಾಗಿದೆ." ಆ ಹೊತ್ತಿಗೆ ಇನ್ನೇನು ಹೇಳೋಕಾಗುತ್ತೆ?

ನನ್ನ 14 ಪುಟ ಬಣ್ಣ ತುಂಬಿದ ರಂಗೋಲಿ. ನಾವು ಸಾಮಾನ್ಯವಾಗಿ ಕಳಿಸುವುದೇ ಅಂಥದ್ದು. ಅರ್ಧಂಬರ್ಧ ಕೆಲಸ ತೋರಿಸಿದರೆ ಮರ್ಯಾದೆ ಹೋಗುತ್ತದೆ ಅಂತ ನಮಗೆ ಸಣ್ಣಲ್ಲಿಂದ ಹೇಳಿಕೊಟ್ಟಿದ್ದಾರೆ. ರೆಕಾರ್ಡ್ ಬುಕ್ಕಿನಲ್ಲಿ ತಪ್ಪಾದರೆ ಪೂರ್ತಿ ಪುಟ ಮತ್ತೆ ಬರೆಸುವ ಕಾಲೇಜಿನಲ್ಲಿ ಓದಿದವಳು ನಾನು. ಪೂರ್ತಿ ಆದಮೇಲೆ ತೋರಿಸುವುದನ್ನು ನಾವು ವಿನಯ ಅಂದುಕೊಂಡಿದ್ದೇವೆ. ನನಗೆ ಈಗ ಅನಿಸುವುದು, ಅದು ಹೆದರಿಕೆ. ತಿದ್ದಿ ಅಂತ ಬಾಯಲ್ಲಿ ಕೇಳುತ್ತೇವೆ, ತಿದ್ದಲು ಜಾಗ ಮಾತ್ರ ಉಳಿಸಿರುವುದಿಲ್ಲ.

ಇನ್ನೊಂದು ತಪ್ಪು, "ಹೇಗಿದೆ?" ಅಂತ ಕೇಳುವುದು. ಬಡಿಸುವಾಗ "ಅಡುಗೆ ಹೇಗಿದೆ?" ಅಂದರೆ ನೆಂಟರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಸಾರಿಗೆ ಉಪ್ಪು ಸಾಕಾ?" ಅಂತ ಕೇಳಿ ನೋಡಿ, ನಿಜ ಹೊರಗೆ ಬರುತ್ತೆ.

ಈಗ ನಿಜವಾಗಿ ನಡೆದ ಒಂದು ಕಥೆ. ಅರಸೀಕೆರೆ ಕಡೆಯ ಹುಡುಗಿ, ಹೆಸರು ಹೇಳುವುದಿಲ್ಲ. ಇದನ್ನೆಲ್ಲ ಹೇಳಬಹುದಾ ಅಂತ ಕೇಳಿದ್ದೆ, ಹೇಳಿ ಮೇಡಂ ಅಂದಳು. ಕನ್ನಡದ ಅಕ್ಷರಗಳನ್ನು ಬಿಡಿಬಿಡಿಯಾಗಿ ಕುಣಿಸಬೇಕು ಅನ್ನುವುದು ಅವಳ ಆಸೆ. ಮಳೆ ಅಂತ ಬರೆದರೆ ಅಕ್ಷರ ಸುರಿಯಬೇಕು, ಗಾಳಿ ಅಂದರೆ ಹಾರಬೇಕು. ಇಂಗ್ಲಿಷಿನಲ್ಲಿ ಇದನ್ನು ಪಿ5 ಕಲಿತ ಎರಡನೇ ವಾರದಲ್ಲೇ ಎಲ್ಲರೂ ಮಾಡುತ್ತಾರೆ. ಅವಳೂ ಹಾಗೇ ಮಾಡಿದಳು, ಪದ 'ಚಿಕ್ಕಮಗಳೂರು'.

ನಿಮಗೆ ಕೇಳುತ್ತೇನೆ, ಈ ಪದದಲ್ಲಿ ಎಷ್ಟು ಅಕ್ಷರ? ಸರಿ, ಆರು. ಚಿ, ಕ್ಕ, ಮ, ಗ, ಳೂ, ರು. ಒಂದನೇ ಕ್ಲಾಸಿನ ಮಗುವೂ ಆರು ಅನ್ನುತ್ತೆ. ಪಿ5 ಬರೆಯುವ ಭಾಷೆ ಜಾವಾಸ್ಕ್ರಿಪ್ಟನ್ನು ಕೇಳಿದರೆ 11 ಅನ್ನುತ್ತೆ. ಲಿಪಿಯ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಗುಣಿತದ ಚಿಹ್ನೆಗಳಿಗೆ ಬೇರೆ ಸಂಖ್ಯೆ, ಒತ್ತು ತರುವ ಹಲಂತಕ್ಕೆ ಬೇರೆ ಸಂಖ್ಯೆ. ಹಾಗಾಗಿ ಅವಳ ಪರದೆ ಮೇಲೆ ಗುಡಿಸು ಒಂದು ಕಡೆ, ಕೊಂಬು ಒಂದು ಕಡೆ, ಮುರಿದ ಬಳೆಯ ಚೂರುಗಳ ಹಾಗೆ ಬಿದ್ದವು. ಯಾರೋ ಹೇಳಿದರು, ಬ್ರೌಸರಿನಲ್ಲೇ 'ಸೆಗ್ಮೆಂಟರ್' ಅಂತ ಇದೆ, ಅಕ್ಷರಕ್ಕೆ ಸರಿಯಾಗಿ ಒಡೆದು ಕೊಡುತ್ತೆ. ಅದನ್ನು ಹಾಕಿದಳು. ಎಷ್ಟು ಬಂತು? ಏಳು. 'ಕ್ಕ' ಮಾತ್ರ 'ಕ್' ಒಂದು, 'ಕ' ಒಂದು ಅಂತ ಒಡೆಯಿತು. ಇದು ಅವಳ ತಪ್ಪಲ್ಲ. 2023ರ ಯುನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯಬಾರದು ಅಂತ ಹೊಸ ನಿಯಮ ಸೇರಿಸಿದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಅದರಲ್ಲಿ ಸೇರಿದವು. ಕನ್ನಡ ಸೇರಲಿಲ್ಲ. ಪಕ್ಕದ ಮನೆಯ ತೆಲುಗಿಗೆ ಇದ್ದದ್ದು ನಮಗಿಲ್ಲ ಅಂತ ಅವಳಿಗೆ ಆಗ ಗೊತ್ತಿರಲಿಲ್ಲ, ಏಳು ಬಂತು ಅನ್ನುವುದಷ್ಟೇ ಗೊತ್ತಿತ್ತು.

ಪ್ರಪೋಸಲಿನ ಮೊದಲ ಕರಡಿನಲ್ಲಿ ಇದೊಂದೂ ಇರಲಿಲ್ಲ. ಅದರಲ್ಲಿ ಇದ್ದದ್ದು "ಭಾರತೀಯ ಭಾಷೆಗಳಿಗಾಗಿ ಸಮಗ್ರ ಅಕ್ಷರ ಚಲನೆಯ ಲೈಬ್ರರಿ". 12 ಭಾಷೆ, ಆರು ಹಂತ, ಒಂದು ವೆಬ್‌ಸೈಟು. ಅದನ್ನು ನನಗೆ ಕಳಿಸಿ "ಹೇಗಿದೆ ಮೇಡಂ?" ಅಂತ ಕೇಳಿದಳು. ಫೋನು ಮಾಡಿ ಮಾತಾಡುತ್ತಾ ಹೋದಾಗ ಈ 11, 7, 6ರ ವಿಷಯ ಬಾಯಿಬಿಟ್ಟಳು. ಅದೂ ನಾಚಿಕೆಯಿಂದ. ತನಗೆ ಸರಿಯಾಗಿ ಮಾಡಲು ಬರಲಿಲ್ಲ ಅನ್ನುವ ಧಾಟಿಯಲ್ಲಿ.

ನಾನು ಹೇಳಿದೆ, ಅಮ್ಮಾ, ನಿನ್ನ ಪ್ರಪೋಸಲ್ ಇದೇ ಕಣೆ.

ಆಮೇಲೆ ಅವಳು ಮೆಂಟರಿಗೆ ಕಳಿಸಿದ ಸಂದೇಶ ಹೀಗಿತ್ತು. ಒಂದು ಚಿತ್ರ: ಒಂದೇ ಪದ ಮೂರು ಸಾಲಿನಲ್ಲಿ, 11 ಚೂರು, 7 ಚೂರು, 6 ಚೂರು. ಒಂದು ಲಿಂಕ್, ಒತ್ತಿದರೆ ಆ ಸ್ಕೆಚ್, ಅಂದರೆ ಅವಳು ಪಿ5ರಲ್ಲಿ ಬರೆದ ಪುಟ್ಟ ಪ್ರೋಗ್ರಾಮು, ಅಲ್ಲೇ ಓಡುತ್ತೆ. ಒತ್ತಕ್ಷರ ಅಂದರೇನು ಅಂತ ನಾಲ್ಕು ಸಾಲು. ಕೊನೆಗೆ ಒಂದು ಪ್ರಶ್ನೆ: "ಮೂರನೇ ಸಾಲಿನ ಹಾಗೆ ಒಡೆಯುವ ಕೆಲಸ ಪಿ5 ಒಳಗೇ ಇರಬೇಕೋ, ಹೊರಗೆ ಒಂದು ಆಡ್-ಆನ್ ಆಗಿ ಇರಬೇಕೋ? ಒಳಗೆ ಅಂದರೆ ನನ್ನ ಅರ್ಧ ಸಮಯ ಕೋಡ್ ಸರಿ ಇದೆಯಾ ಅಂತ ನೋಡುವ ಟೆಸ್ಟುಗಳನ್ನು ಬರೆಯಲು ಹೋಗುತ್ತೆ, ಹೊರಗೆ ಅಂದರೆ ಆ ಸಮಯ ಉದಾಹರಣೆಗಳಿಗೆ ಸಿಗುತ್ತೆ." ಎಲ್ಲ ಸೇರಿ ಒಂದು ಪುಟಕ್ಕಿಂತ ಕಡಿಮೆ.

ಎರಡು ದಿನದಲ್ಲಿ ಉತ್ತರ ಬಂತು. ಹೊರಗೆ ಇರಲಿ ಅಂದರು, ಕಾರಣವನ್ನೂ ಹೇಳಿದರು. ಜೊತೆಗೆ ಅವರೇ ಎರಡು ಪ್ರಶ್ನೆ ಕೇಳಿದರು. ಫಾಂಟು ಬದಲಾದರೆ ಏನಾಗುತ್ತೆ? ಕುಣಿಸುವುದಕ್ಕಾಗಿ ಅಕ್ಷರದ ಅಂಚಿನ ಬಿಂದುಗಳನ್ನು ಹೆಕ್ಕಿದಾಗ ಒತ್ತು ಎಲ್ಲಿ ಕೂರುತ್ತೆ? ಎರಡನೆಯದನ್ನು ಅವಳು ಯೋಚಿಸಿಯೇ ಇರಲಿಲ್ಲ. ಅವತ್ತೇ ರಾತ್ರಿ ಮಾಡಿ ನೋಡಿದಳು. ಬ್ರೌಸರ್ ತಾನಾಗಿ ಬರೆದಾಗ ಕನ್ನಡ ಸರಿಯಾಗಿ ಬರುತ್ತೆ, ಯಾಕೆಂದರೆ ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಅನ್ನುವ ಓಪನ್ ಸೋರ್ಸ್ ತಂತ್ರಾಂಶ ಮಾಡುತ್ತೆ. ಅವಳು ಬಳಸುತ್ತಿದ್ದ ಪಿ5ರ 1.x ಆವೃತ್ತಿಯಲ್ಲಿ ಅಂಚಿನ ಬಿಂದು ಹೆಕ್ಕುವಾಗ ಆ ಜೋಡಣೆ ಆಗುವುದಿಲ್ಲ. 'ಕ್ಕ' ಹೋಗಿ ಹಲಂತದ 'ಕ್', ಪಕ್ಕದಲ್ಲಿ 'ಕ'. ಪ್ರಪೋಸಲಿನ ಎರಡನೇ ತಿಂಗಳ ಕೆಲಸ ಏನು ಅನ್ನುವುದು ಅಲ್ಲಿ ಸಿಕ್ಕಿತು. 12 ಭಾಷೆ ಹೋಗಿ ಕನ್ನಡ ಒಂದೇ ಉಳಿಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಮೆಂಟರಿಗೆ ಕನ್ನಡ ಬರುವುದಿಲ್ಲ. ಪಿ5 ಒಳಗಿನ ಕೋಡು ಅವರಿಗೆ ಅಂಗೈ ಗೆರೆಯಷ್ಟು ಗೊತ್ತು, ಆದರೆ ಒತ್ತಕ್ಷರ ಅಂದರೇನು ಅಂತ ಅವರಿಗೆ ಹೇಳಿಕೊಟ್ಟವಳು ಅರಸೀಕೆರೆಯ ಹುಡುಗಿ. ನಾವು ಮೆಂಟರ್ ಅಂದ ಕೂಡಲೇ ಗುರು ಅಂತ ಅನುವಾದ ಮಾಡಿಕೊಂಡು, ಕೈ ಕಟ್ಟಿ ನಿಂತುಬಿಡುತ್ತೇವೆ. ಅವರು ಬಿಡುವಿನಲ್ಲಿ ಈ ಕೆಲಸ ಮಾಡುವ ಜನ. ಹಗಲು ಬೇರೆ ಉದ್ಯೋಗ ಇರುತ್ತೆ, ಮನೆಯಲ್ಲಿ ಮಗು ಇರುತ್ತೆ. ನಮ್ಮಲ್ಲಿ ರಾತ್ರಿ ಎಂಟಾದಾಗ ನ್ಯೂಯಾರ್ಕಿನಲ್ಲಿ ಬೇಸಿಗೆಯ ಗಡಿಯಾರದಂತೆ ಬೆಳಿಗ್ಗೆ ಹತ್ತೂವರೆ. "ಸರ್" ಅನ್ನುವುದನ್ನೂ ಬಿಡಿ. ಎಷ್ಟೋ ಸಲ ಆ ಕಡೆ ಇರುವುದು ಹೆಂಗಸು. ಆ ಬಳಗದಲ್ಲಿ ಹೆಸರು ಹಿಡಿದು ಕರೆಯುವುದೇ ಮರ್ಯಾದೆ. ಮೊದಲ ಸಲ ಬರೆಯುವಾಗ ಕೈ ನಡುಗುತ್ತೆ, ನಿಜ. ನನಗೆ ಈಗಲೂ ಹಿರಿಯರೊಬ್ಬರಿಗೆ ಬರೆಯುವಾಗ ಹೆಸರಿನ ಮುಂದೆ ಏನಾದರೂ ಸೇರಿಸೋಣ ಅನಿಸುತ್ತೆ.

ಪಿ5ಗೆ ಬರೆಯುವವರು ಒಂದು ಮಾತು ತಿಳಿದಿರಬೇಕು. 2019ರಲ್ಲಿ ಅದರ ಕೊಡುಗೆದಾರರೆಲ್ಲ ಸೇರಿದ್ದಾಗ ಒಂದು ನಿರ್ಧಾರ ಮಾಡಿದರು. ಇದುವರೆಗೆ ಹೊರಗೆ ಉಳಿದವರಿಗೆ ದಾರಿ ಮಾಡಿಕೊಡುವಂಥ ಸೌಲಭ್ಯ ಆದರೆ ಮಾತ್ರ ಹೊಸದಾಗಿ ಸೇರಿಸುತ್ತೇವೆ ಅಂತ. ಅದರ ಕೋಡ್ ಇಟ್ಟಿರುವ ಗಿಟ್‌ಹಬ್ ತಾಣದಲ್ಲಿ ಹೊಸ ಸೌಲಭ್ಯ ಕೇಳುವ ಅರ್ಜಿಯಲ್ಲೇ ಆ ಪ್ರಶ್ನೆಗೆ ಒಂದು ಖಾನೆ ಇದೆ. ನೀವು "ಇದು ತುಂಬಾ ಕೂಲ್ ಆಗಿರುತ್ತೆ" ಅಂತ ಎರಡು ಪುಟ ಬರೆದರೂ ಮೆಂಟರ್ ನೋಡುವುದು ಆ ಖಾನೆಯನ್ನು. ನಮ್ಮ ಹುಡುಗಿಗೆ ಅಲ್ಲಿ ಬರೆಯುವುದಕ್ಕೆ ಕಷ್ಟವಾಗಲಿಲ್ಲ. ಪಿ5 ಜಾಲತಾಣ ಸ್ಪ್ಯಾನಿಷ್, ಚೀನೀ, ಕೊರಿಯನ್, ಹಿಂದಿಯಲ್ಲಿ ಓದಲು ಸಿಗುತ್ತೆ. ಕನ್ನಡದಲ್ಲಿ ಕಲಿಯುವ ಮಗು ತನ್ನ ಹೆಸರನ್ನೇ ಪರದೆ ಮೇಲೆ ಕುಣಿಸಲು ಹೋದರೆ ಹೆಸರು ಚೂರಾಗುತ್ತೆ ಅಂತ ಬರೆದಳು. ಅಷ್ಟೇ. ಸಮಾಜಸೇವೆಯ ಭಾಷಣ ಬೇಕಾಗಲಿಲ್ಲ.

ಸಮಯದ ಲೆಕ್ಕ. ಇದು ಬೇಸರದ ವಿಷಯ, ಆದರೆ ಅತಿ ಹೆಚ್ಚು ಪ್ರಪೋಸಲುಗಳು ಮುಗ್ಗರಿಸುವುದು ಇಲ್ಲೇ. ಸಮರ್ ಆಫ್ ಕೋಡಿನಲ್ಲಿ ಈಗ ಮೂರು ಅಳತೆ ಇದೆ: 90 ಗಂಟೆ, 175 ಗಂಟೆ, 350 ಗಂಟೆ. ಸಾಮಾನ್ಯವಾಗಿ 12 ವಾರ. 350 ಅಂದರೆ ವಾರಕ್ಕೆ 29 ಗಂಟೆ. ವಿಟಿಯು ಪರೀಕ್ಷೆ ಯಾವಾಗ? ಎಲ್ಲರೂ ನಗುತ್ತಿದ್ದೀರಿ, ಅಂದರೆ ಗೊತ್ತಿದೆ. ಜೂನ್, ಜುಲೈ. ನನ್ನ ಎದುರಿಗೆ ಬಂದ ಕರಡುಗಳಲ್ಲಿ ಒಂದರಲ್ಲೂ ಪರೀಕ್ಷೆಯ ಮಾತಿರಲಿಲ್ಲ. ಹೇಳಿದರೆ ತೆಗೆದುಕೊಳ್ಳುವುದಿಲ್ಲ ಅನ್ನುವ ಭಯ. ಜುಲೈ ಮೊದಲ ವಾರ ಮಾಯವಾಗುವ ಹುಡುಗನಿಗಿಂತ, "ಈ 16 ದಿನ ನಾನು ಸಿಗುವುದಿಲ್ಲ, ಅದಕ್ಕೇ 175 ಗಂಟೆಯದ್ದು ಕೇಳುತ್ತಿದ್ದೇನೆ" ಅನ್ನುವವನ ಮೇಲೆ ನಂಬಿಕೆ ಬರುತ್ತೆ. ಇದನ್ನೂ ಮೆಂಟರ್ ಹತ್ತಿರ ಪ್ರಶ್ನೆಯಾಗಿಯೇ ಇಡಬಹುದು. "ಪರೀಕ್ಷೆ ಇದೆ. ಮೂರನೇ ಭಾಗ ಕೈಬಿಟ್ಟು 175ಕ್ಕೆ ಇಳಿಸಿದರೆ ಉಳಿದದ್ದು ಉಪಯೋಗಕ್ಕೆ ಬರುತ್ತಾ?"

ಕ್ಯಾಲೆಂಡರ್ ಕೂಡ ನೋಡಿ. 2025ರಲ್ಲಿ, ಹೊಸಬರನ್ನು ಸೇರಿಸಿಕೊಳ್ಳುವ ಸಂಸ್ಥೆಗಳ ಪಟ್ಟಿ ಫೆಬ್ರವರಿ 27ಕ್ಕೆ ಬಂತು. ಅರ್ಜಿ ಹಾಕಲು ಮಾರ್ಚ್ 24ರಿಂದ ಏಪ್ರಿಲ್ 8ರವರೆಗೆ. ನಮ್ಮವರು ಮೆಂಟರಿಗೆ ಕರಡು ಕಳಿಸುವುದು ಯಾವಾಗ? ಏಪ್ರಿಲ್ 6ರ ರಾತ್ರಿ, ಇಂಟರ್ನಲ್ಸ್ ಮುಗಿದ ಮೇಲೆ. ಆ ಎರಡು ದಿನ ಅವರ ಇನ್‌ಬಾಕ್ಸು ಸಂತೆಯ ದಿನದ ಬಸ್ ಸ್ಟ್ಯಾಂಡಿನ ಹಾಗಿರುತ್ತೆ. ಅರ್ಜಿ ಹಾಕುವ ಕಾಲ ಶುರುವಾಗುವ ಮೊದಲಿನ ಮೂರೂವರೆ ವಾರ ಇದೆಯಲ್ಲ, ಕೇಳುವ ಕಾಲ ಅದು. ಸಂಸ್ಥೆಗಳು ಅದನ್ನು ಬಿಟ್ಟಿರುವುದೇ ಮಾತಾಡಲಿ ಅಂತ.

ಉತ್ತರ ಬಂತು ಅಂದುಕೊಳ್ಳಿ. ಆಮೇಲೆ? ನಾನು ನೋಡಿದ ಹಾಗೆ ನಮ್ಮವರಲ್ಲಿ ಎರಡು ಬಗೆ. ಒಬ್ಬರು "ಓಕೆ, ಥ್ಯಾಂಕ್ಯೂ" ಅಂತ ಬರೆದು ಹೇಳಿದ್ದನ್ನೆಲ್ಲ ತುಂಬಿಬಿಡುತ್ತಾರೆ. ಪ್ರಪೋಸಲು ಮದುವೆ ಮನೆಯ ಕೊನೆಯ ಪಂಕ್ತಿಯ ಎಲೆಯ ಹಾಗಾಗುತ್ತೆ. ಇನ್ನೊಬ್ಬರು ಉತ್ತರವನ್ನೇ ಕೊಡುವುದಿಲ್ಲ, ಮುನಿಸು. ನಾನು ಎರಡನೇ ಬಗೆ, ಆಗಲೇ ಹೇಳಿದೆ. ಮೆಂಟರಿಗೆ ಖುಷಿ ಕೊಡುವ ಉತ್ತರ ಹೀಗಿರುತ್ತೆ: "ನೀವು ಹೇಳಿದ ಎರಡರಲ್ಲಿ ಮೊದಲನೆಯದನ್ನು ಬದಲಿಸಿದೆ, ನಾಲ್ಕನೇ ಪುಟ ನೋಡಿ. ಎರಡನೆಯದನ್ನು ಮಾಡಿ ನೋಡಿದೆ, ಈ ಕಾರಣಕ್ಕೆ ಬಿಟ್ಟೆ." ಬಿಟ್ಟೆ ಅಂತ ಹೇಳಿದರೆ ಉದ್ಧಟತನ ಅಂತ ಅವರು ತಿಳಿಯುವುದಿಲ್ಲ. ಮಾಡಿ ನೋಡಿ ಬಿಟ್ಟಿದ್ದೀರಲ್ಲ.

ಕಾಫಿ ವ್ಯಾಪಾರ ನೋಡಿದವರು ಇಲ್ಲಿದ್ದೀರಿ. ಮೂಟೆ ತಂದಾಗ ವ್ಯಾಪಾರಿ ಮೇಲಿನ ಹಿಡಿ ಮುಟ್ಟುವುದಿಲ್ಲ. ಸಪೂರ ಸಲಾಕೆ ನಡುವಿಗೆ ಚುಚ್ಚಿ ಒಳಗಿನ ಚೆರಿ ಎಳೆಯುತ್ತಾನೆ, ಸುಲಿದು ಔಟ್‌ಟರ್ನ್, ಅಂದರೆ ಎಷ್ಟು ಬೀಜ ಸಿಗುತ್ತೆ ಅಂತ, ನೋಡುತ್ತಾನೆ. ನಮ್ಮ ದೊಡ್ಡಪ್ಪ ಮಾರುವ ಹಿಂದಿನ ದಿನ ತಾವೇ ಮೂಟೆಯ ನಡುವಿಂದ ಒಂದು ಹಿಡಿ ತೆಗೆದು ಕಚ್ಚಿ ನೋಡೋರು. ನೀವೂ ಕಳಿಸುವ ಮೊದಲು ನಿಮ್ಮ ಪ್ರಪೋಸಲಿನ ಮಧ್ಯದ ಪುಟ ತೆರೆದು ಓದಿ. ಮೊದಲ ಪುಟ ಎಲ್ಲರದ್ದೂ ಚೆನ್ನಾಗಿರುತ್ತೆ.

ಮೊದಲೇ ಚೀಟಿಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಹೇಳುತ್ತೇನೆ.

ಒಂದು, "ಎಐ ಹತ್ತಿರ ಪ್ರಪೋಸಲ್ ಬರೆಸಬಹುದಾ?" ಇಂಗ್ಲಿಷ್ ತಿದ್ದಿಸಿಕೊಳ್ಳಿ, ಆಯಾ ಸಂಸ್ಥೆಯ ನಿಯಮ ಏನಿದೆ ಅಂತ ಮೊದಲು ಓದಿ. ಪೂರ್ತಿ ಬರೆಸಿದರೆ ಆಗುವುದೇನು ಅಂದರೆ, ಅದು 12 ಭಾಷೆ, ಆರು ಹಂತ, ಒಂದು ವೆಬ್‌ಸೈಟು ಅಂತ ಬಹಳ ಚೆನ್ನಾಗಿ ಬರೆಯುತ್ತೆ. 'ಕ್ಕ' ಎರಡಾಗಿ ಒಡೆಯಿತು ಅನ್ನುವುದು ನೀವು ಓಡಿಸಿ ನೋಡಿದರೆ ಮಾತ್ರ ಗೊತ್ತಾಗುವುದು.

ಎರಡು, "ಮೆಂಟರ್ ಉತ್ತರವೇ ಕೊಡದಿದ್ದರೆ?" ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ. ನೆನಪಿಸುವಾಗ ಬರೀ "ನೋಡಿದ್ರಾ?" ಅನ್ನಬೇಡಿ, ಈ ವಾರದಲ್ಲಿ ನೀವು ಕಂಡುಕೊಂಡ ಹೊಸದೊಂದನ್ನು ಸೇರಿಸಿ. ಆಗಲೂ ಇಲ್ಲವೇ, ಪ್ರಶ್ನೆಯನ್ನು ಸಣ್ಣದು ಮಾಡಿ. ಹೌದು ಅಥವಾ ಇಲ್ಲ ಅಂತ ಫೋನಿನಲ್ಲೇ ಒತ್ತಿ ಕಳಿಸುವಷ್ಟು ಸಣ್ಣದು. ಅದರ ಮಧ್ಯೆ ಒಬ್ಬ ಸಹಪಾಠಿಗೆ ಓದಿಸಿ, ಚಿತ್ರಕಲೆಯವರಾದರೆ ಇಂಜಿನಿಯರಿಂಗಿನವರಿಗೆ, ಇಂಜಿನಿಯರಿಂಗಿನವರಾದರೆ ಚಿತ್ರಕಲೆಯವರಿಗೆ. ಅವರು ಎಲ್ಲಿ "ಅಂದ್ರೆ?" ಅಂತ ಕೇಳುತ್ತಾರೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ.

ಅರಸೀಕೆರೆಯವಳ ಪ್ರಪೋಸಲು ಏನಾಯ್ತು ಅಂತ ಕೇಳಬೇಕು ಅಂತಿದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತೆ. ಆ ವರ್ಷ ಆಯ್ಕೆ ಆಗಲಿಲ್ಲ. ಸ್ಥಾನಗಳು ಕಡಿಮೆ ಇದ್ದವು. ಆದರೆ ಆ ಸ್ಕೆಚ್ ಅವಳ ಹತ್ತಿರ ಇತ್ತು, ಮೆಂಟರ್ ಕೇಳಿದ ಎರಡು ಪ್ರಶ್ನೆಯೂ ಇತ್ತು. ಆಡ್-ಆನ್ ಅರ್ಧ ಬರೆದಿದ್ದಾಳೆ. 'ಸ್ತ್ರೀ'ಯ ಹತ್ತಿರ ಸಿಕ್ಕಿಹಾಕಿಕೊಂಡಿದ್ದಾಳೆ, ಎರಡೆರಡು ಒತ್ತು ಇದೆಯಲ್ಲ, ಅದಕ್ಕೆ. ಯಾರಿಗಾದರೂ ಫಾಂಟಿನ ಒಳಗಿನ ಕೆಲಸ ಗೊತ್ತಿದ್ದರೆ ಊಟದ ಹೊತ್ತಿಗೆ ಅವಳನ್ನು ಹುಡುಕಿ. ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಈಗ ತಲೆ ತಗ್ಗಿಸಿದಳಲ್ಲ, ಅವಳೇ.

ಇನ್ನು ನಿಮ್ಮ ಕರಡುಗಳು. ನಾಲ್ಕು ಬಂದಿವೆ. ಮೊದಲನೆಯದು ಚೌಕವನ್ನು 22.5 ಡಿಗ್ರಿಯಂತೆ ತಿರುಗಿಸುತ್ತಾ 16 ಮೂಲೆಯ ನಕ್ಷತ್ರ ಮಾಡಿ, ಅದರಿಂದ ಹೊಯ್ಸಳ ಗುಡಿಯ ತಳವಿನ್ಯಾಸ ಕಲಿಸುವ ಯೋಜನೆ. ನಾನು ಎಂಟು ವರ್ಷದ ಹಿಂದೆ ಮಾಡಬೇಕಾಗಿದ್ದದ್ದು! ಒಂಬತ್ತು ಪುಟ ಇದೆ. ಐದನೇ ಪುಟ ತೆರೆಯುತ್ತೇನೆ. ಇದು ಯಾರದ್ದು, ಸ್ವಲ್ಪ ಕೈ ಎತ್ತಿ. ನಮ್ಮಿಂದ ನಿಮಗೆ ಯಾವ ಒಂದು ವಿಷಯ ತಿಳಿಯಬೇಕು, ಮೊದಲು ಅದನ್ನು ಹೇಳಿ.